ಉಗುರುಹುಳ

ಗುರುತುಪೆಟ್ಟಿಗೆ ‘ಮನುಷ್ಯ’ ಎಂದು ತೋರಿಸಿದರೆ ಆ ಮಾದರಿಯನ್ನು ಬಿಸಾಡಬೇಕು. ಈ ನಿಯಮ ಬರೆದವಳು ನಾನೇ. ಬೇರೆ ಯಾರಾದರೂ ಬರೆದಿದ್ದರೆ ಅವರ ವಂಶವನ್ನೆಲ್ಲ ಬೈದು ಹಗುರಾಗುತ್ತಿದ್ದೆ. ಆ ಭಾಗ್ಯವೂ ನನಗಿಲ್ಲ.

ನಾನು ಪ್ರಮೀಳಾ ಹಂಚಿನಮನಿ. ಧಾರವಾಡದ ಒಂದು ಜೀವಿ ವರ್ಗೀಕರಣ ಕೇಂದ್ರದಲ್ಲಿ ಇಪ್ಪತ್ತೆರಡು ವರ್ಷದಿಂದ ಹುಳಹುಪ್ಪಟೆಗೆ ಹೆಸರಿಡುವುದೇ ನನ್ನ ಕೆಲಸ. ಹಿಂದೆ ಹೊಸ ಜೀವಿ ಸಿಕ್ಕಿತೆಂದರೆ ಮೊದಲು ಕೊಯ್ದು ನೋಡುತ್ತಿದ್ದೆವು: ಬಾಯಿ ಎಲ್ಲಿದೆ, ಕರುಳು ಹೇಗೆ ಸುತ್ತಿದೆ, ಕಾಲಿಗೆ ಎಷ್ಟು ಗಂಟು. ಈಗ ಮೊದಲು ಸಾಸಿವೆಯಷ್ಟು ಮಾಂಸವನ್ನು ಗುರುತುಪೆಟ್ಟಿಗೆಗೆ ಹಾಕುತ್ತೇವೆ, ಪೆಟ್ಟಿಗೆ ಹೊಸದು ಎಂದರಷ್ಟೇ ಕೊಯ್ಯುತ್ತೇವೆ. ಅದು ಜೀನುಗಳಲ್ಲಿ ಕೆಲವು ಗುರುತಿನ ಜಾಗಗಳನ್ನಷ್ಟೇ ಓದಿ, ದೊಡ್ಡ ದಾಖಲೆಪಟ್ಟಿಗೆ ಹೋಲಿಸಿ, ಇಪ್ಪತ್ತು ನಿಮಿಷದಲ್ಲಿ ಹೆಸರು ಹೇಳುತ್ತದೆ. ಈಗ ಮೀನು ಮಾರ್ಕೆಟ್ಟಿನಲ್ಲೂ ಅದೇ ಪೆಟ್ಟಿಗೆ, ಆಸ್ಪತ್ರೆಯಲ್ಲೂ ಅದೇ. ಆಸ್ಪತ್ರೆಯಲ್ಲಂತೂ ಪೆಟ್ಟಿಗೆ ರೋಗದ ಜೀವಿಯ ಹೆಸರು ಹೇಳಿದ ಮೇಲೆಯೇ ಔಷಧಿಯ ಕಪಾಟು ತೆರೆಯುತ್ತದೆ. ಡಾಕ್ಟರು ಊಹೆಯ ಮೇಲೆ ಔಷಧಿ ಕೊಡುವ ಕಾಲ ಮುಗಿಯಿತು ಎಂದು ಆವತ್ತು ನಾವೆಲ್ಲ ಚಪ್ಪಾಳೆ ತಟ್ಟಿದ್ದೆವು.

ಒಂದು ಕಾಟ ಮಾತ್ರ ಇತ್ತು. ಮಾದರಿ ತೆಗೆಯುವವರ ಬೆವರು, ಉಗುಳು, ಚರ್ಮದ ಪುಡಿ ಬಿದ್ದರೆ ಪೆಟ್ಟಿಗೆ ಹುಳವನ್ನು ಬಿಟ್ಟು ಮನುಷ್ಯನನ್ನು ಓದಿಬಿಡುತ್ತದೆ. ಅದಕ್ಕೇ ಆ ನಿಯಮ. ಯಾರ ಕೈ ಎಂದು ಗೊತ್ತಾಗಲಿ ಅಂತ ನಮ್ಮ ಸಿಬ್ಬಂದಿಯೆಲ್ಲರ ಗುರುತನ್ನೂ ಅದರಲ್ಲಿ ತುಂಬಿಸಿದ್ದೆವು. ಪೆಟ್ಟಿಗೆ ಬಂದ ಹನ್ನೊಂದು ವರ್ಷದಲ್ಲಿ ನನ್ನ ಹೆಸರು ಮೂರು ಸಲ ಬಂದಿದೆ. ಫಕ್ಕೀರಪ್ಪನವರ ಹೆಸರು ಇನ್ನೂರ ಹನ್ನೆರಡು ಸಲ.

ಫಕ್ಕೀರಪ್ಪ ದೊಡಮನಿ ನಮ್ಮ ಕೇಂದ್ರದ ಹಳೇ ಸಹಾಯಕರು. ಮೊಣಕಾಲುದ್ದ ನೀರಿಗಿಳಿದು ಜಿಗಣೆ, ಬಸವನಹುಳು, ಗೊದಮೊಟ್ಟೆ ಹಿಡಿದು ತರುವವರು. ನನಗಿಂತ ಹತ್ತು ವರ್ಷ ದೊಡ್ಡವರು. ಆದರೂ ಆಗ ನಾನು ಅವರನ್ನು ‘ನೀ’ ಎಂದೇ ಮಾತಾಡಿಸುತ್ತಿದ್ದೆ, ಕಚೇರಿಯ ರೂಢಿ ಹಾಗಿತ್ತು. “ಎಲ್ಲಾರ ಕೈ ಕೆಸರಾದ್ರ ಬಾಯಿ ಮೊಸರು, ಫಕ್ಕೀರಪ್ಪನ ಕೈ ಕೆಸರಾದ್ರ ನಮ್ಮ ವರದಿ ಹಾಳು” ಎಂದು ನಾನೇ ಒಮ್ಮೆ ಚಹಾದ ಹೊತ್ತಿನಲ್ಲಿ ಅಂದಿದ್ದೆ. ಎಲ್ಲರೂ ಬಿದ್ದುಬಿದ್ದು ನಕ್ಕರು. ಫಕ್ಕೀರಪ್ಪ ನಲ್ಲಿಯ ಹತ್ತಿರ ಹೋಗಿ ಮೊಣಕೈವರೆಗೆ ಸಬಕಾರ ಹಚ್ಚಿ ತಿಕ್ಕಿಕೊಂಡರು. ಆಮೇಲೆ ಅವರು ಪೆಟ್ಟಿಗೆಯ ಕೋಣೆಗೆ ಕಾಲಿಡಬಾರದು ಎಂದು ನಾನು ಲಿಖಿತ ಆದೇಶವನ್ನೂ ಹೊರಡಿಸಿದೆ.

ಅವರದೊಂದು ಪದ್ಧತಿಯಿತ್ತು. ಯಾವ ಜೀವಿಯನ್ನೇ ಆಗಲಿ ಸ್ಪಿರಿಟ್ಟಿನ ಬಾಟಲಿಗೆ ಹಾಕುವ ಮೊದಲು “ತಪ್ಪಾತಪಾ, ಹೊಟ್ಯಾಗ ಹಾಕ್ಕೊ” ಎಂದು ಮೆಲ್ಲಗೆ ಹೇಳುತ್ತಿದ್ದರು. ಮಾದರಿ ಕಲಬೆರಕೆ ಎಂದು ತಿರಸ್ಕಾರವಾದರೆ ತಟ್ಟೆಯಲ್ಲಿ ಉಳಿದ ಜೀವಂತ ಹುಳಗಳನ್ನು ಕೊಲ್ಲುತ್ತಲೇ ಇರಲಿಲ್ಲ. “ಹೆಸರಿಡಾಕ ಬರಲಿಲ್ಲಂದ್ರ ಕೊಲ್ಲೂದ್ಯಾಕ್ರಿ? ನೀರಿಂದ ಬಂದದ್ದು ನೀರಿಗೆ ಹೋಗ್ಲಿ” ಎಂದು ಕೇಂದ್ರದ ಹಿಂದಿರುವ ಹೊಸಗೆರೆಗೆ ಬಿಟ್ಟು ಬರುತ್ತಿದ್ದರು. ರಿಜಿಸ್ಟರಿನಲ್ಲಿ ‘ವಿಲೇವಾರಿ ಆಗಿದೆ’ ಎಂದು ನಾನು ಸಹಿ ಹಾಕುತ್ತಿದ್ದೆ. ಎಲ್ಲಿಗೆ ಎಂದು ಕೇಳಿದವಳಲ್ಲ.

ಆ ಬೇಸಿಗೆಯಲ್ಲಿ ನನ್ನ ಮಗಳು ಮಯೂರಿ ಹೊಸಗೆರೆಯಲ್ಲೇ ಈಜು ಕಲಿತಳು. ಓಣಿಯ ಮಕ್ಕಳೆಲ್ಲ ಅಲ್ಲೇ ಕಲಿಯುವುದು. ಒಂಬತ್ತು ವರ್ಷದ ಹುಡುಗಿ, ಮೀನಿನ ಹಾಗೆ ಆಡಿ ಬರುತ್ತಿದ್ದಳು. ಒಂದು ಭಾನುವಾರ ಅವಳ ಎಡ ಹಿಮ್ಮಡಿಯಲ್ಲಿ ಕಡಲೆಕಾಳಿನಷ್ಟು ಗಂಟು ಕಂಡಿತು. ನಮ್ಮ ಅತ್ತೆ ಕಾಲನ್ನು ತೊಡೆಯ ಮೇಲಿಟ್ಟುಕೊಂಡು ಒತ್ತಿ ನೋಡಿದರು.

“ಆಣಿ ಆಗೇದ ತಗೊ. ಬರಿಗಾಲಿಲೆ ಅಡ್ಡಾಡಬ್ಯಾಡ ಅಂದ್ರ ಕೇಳಂಗಿಲ್ಲ ಇಕಿ. ಸುಣ್ಣಾ ಬೆಲ್ಲಾ ಹಚ್ಚತೇನಿ, ಎಂಟು ದಿನದಾಗ ಉದರತದ.”

“ಅಜ್ಜಿ, ಅದು ಒಳಗ ಟುಕುಟುಕು ಅಂತದ” ಎಂದಳು ಮಯೂರಿ.

“ಹುಣ್ಣು ಅಂದಮ್ಯಾಲೆ ಮಿಡೀತದವಾ.”

ನಾನೂ ಹಾಗೇ ಅಂದುಕೊಂಡೆ. ಜಗತ್ತಿನ ಹುಳಗಳ ಹೊಟ್ಟೆಯನ್ನೆಲ್ಲ ಕೊಯ್ದು ನೋಡುವವಳಿಗೆ ಮಗಳ ಹಿಮ್ಮಡಿಯನ್ನು ಬಗ್ಗಿ ನೋಡಲು ಪುರಸೊತ್ತಿರಲಿಲ್ಲ.

ಮರುದಿನ ಫಕ್ಕೀರಪ್ಪ ನನ್ನ ಮೇಜಿನ ಮೇಲೆ ಒಂದು ತಟ್ಟೆ ತಂದಿಟ್ಟರು.

“ಮತ್ತ ಅದನ್ನ ತಂದಿ ಏನು?” ಎಂದೆ.

“ಮೇಡಂ, ಈ ತಿಂಗಳ ಕಡೀಕ ನಾ ರಿಟೈರ್ ಆಗತೀನಿ. ಹನ್ನೊಂದ್ ವರ್ಷದಿಂದ ಹೇಳಾಕತ್ತೀನಿ, ಇದು ಹೊಸಾ ಹುಳ. ಪೆಟ್ಟಿಗಿ ಮಾತು ಬಿಡ್ರಿ. ಒಂದ್ಸಲ ಕಣ್ಣಿಂದರ ನೋಡ್ರಿ.”

ಹೋಗುವ ಮನುಷ್ಯ, ಪಾಪ, ಅಂತ ನೋಡಿದೆ. ಅಕ್ಕಿಕಾಳಿನಷ್ಟು ಉದ್ದ, ಅನ್ನದ ಬಣ್ಣ. ಒಂದು ತುದಿಯಲ್ಲಿ ಹೊಳೆಯುವ ಪುಟ್ಟ ಬಿಲ್ಲೆ. ಬಟ್ಟೆ ಒಗೆಯುವ ಹೆಂಗಸರು ಇದಕ್ಕೆ ಉಗುರುಹುಳ ಅನ್ನುತ್ತಾರಂತೆ. ಸೂಕ್ಷ್ಮದರ್ಶಕದ ಕೆಳಗಿಟ್ಟು ಕೊಯ್ದೆ. ಬಾಯಿ ಇಲ್ಲ. ಕರುಳಿಲ್ಲ. ಕಣ್ಣಿಲ್ಲ, ಗಂಡೂ ಅಲ್ಲ ಹೆಣ್ಣೂ ಅಲ್ಲ. ತುದಿಯ ಬಿಲ್ಲೆ ಪದರಪದರವಾಗಿ ಬೆಳೆದಿತ್ತು, ನಮ್ಮ ಉಗುರು ಬೆಳೆಯುವ ಹಾಗೆಯೇ. ನಡುವೆ ಒಂದು ಮಾಂಸದ ಉಂಗುರ ಮುಚ್ಚಿ ತೆರೆದು ಮಾಡುತ್ತಿತ್ತು. ಅದನ್ನು ಬಿಡಿಸಿ ಗಾಜಿನ ಪಟ್ಟಿಯ ಮೇಲಿಟ್ಟೆ. ದೇಹವಿಲ್ಲದೆಯೂ ಅದು ನಲವತ್ತು ನಿಮಿಷ ಮಿಡಿಯಿತು.

ಸುಳ್ಳು ಯಾಕೆ ಹೇಳಲಿ, ಮೊದಲು ನನಗಾದದ್ದು ಭಯವಲ್ಲ, ದುರಾಸೆ. ಇದು ಬರೀ ಹೊಸ ಪ್ರಭೇದವಲ್ಲ, ಯಾವ ಗುಂಪಿಗೂ ಸೇರದ ಜೀವಿ. ಇದಕ್ಕೆ ನಮ್ಮಪ್ಪನ ಹೆಸರಿಡಬೇಕು ಎಂದು ಅಲ್ಲೇ ನಿಶ್ಚಯ ಮಾಡಿದೆ. ಆದರೆ ಫಕ್ಕೀರಪ್ಪನ ಕೈ ಸೋಕಬಾರದು!

ಅವರಿಗೆ ಎರಡು ದಿನ ರಜೆ ಕೊಟ್ಟು ಮನೆಗೆ ಕಳಿಸಿದೆ. ಹೊಸ ಕೈಗವಸು, ಮುಖಗವಸು ಹಾಕಿಕೊಂಡು ನಾನೇ ಹೊಸಗೆರೆಗೆ ಇಳಿದೆ. ಕಲ್ಲು ಮಗುಚಿದರೆ ಸಾಕು, ಕೆಳಗೆ ಅನ್ನ ಚೆಲ್ಲಿದಂತೆ ಇದ್ದವು. ಇಷ್ಟೊಂದು ಇವೆ ಎಂದು ನನಗೆ ಗೊತ್ತಿರಲಿಲ್ಲ. ತಂದ ಹುಳವನ್ನು ಬ್ಲೀಚಿನಲ್ಲಿ ತೊಳೆದು, ಮೈಯ ಒಳತಿರುಳಿನಿಂದ ಚೂರು ತೆಗೆದು, ಪೆಟ್ಟಿಗೆಗೆ ಹಾಕಿದೆ. ಇಪ್ಪತ್ತು ನಿಮಿಷ ಕಳೆಯಿತು.

‘ಮನುಷ್ಯ. ಫಕ್ಕೀರಪ್ಪ ದೊಡಮನಿ. ಕಲಬೆರಕೆ. ಬಿಸಾಡಿ.’

ಹೊಸ ಹುಳ, ಹೊಸ ಸೂಜಿ, ಮತ್ತೆ ಹಾಕಿದೆ. ಅದೇ ಉತ್ತರ. ಮೂರನೆಯ ಸಲವೂ ಅದೇ. ಫಕ್ಕೀರಪ್ಪ ಆ ಹೊತ್ತಿಗೆ ನಮ್ಮಿಂದ ಹನ್ನೆರಡು ಮೈಲಿ ದೂರದ ತಮ್ಮ ಊರಿನಲ್ಲಿ ಎಮ್ಮೆಗೆ ಮೇವು ಹಾಕುತ್ತಿದ್ದರು. ಫೋನ್ ಮಾಡಿ ಖಚಿತ ಮಾಡಿಕೊಂಡೆ.

ನಾಯಿಗಳಲ್ಲಿ ಒಂದು ಗಡ್ಡೆರೋಗವಿದೆ. ಸಾವಿರಾರು ವರ್ಷದ ಹಿಂದೆ ಸತ್ತ ಒಂದೇ ಒಂದು ನಾಯಿಯ ಜೀವಕೋಶಗಳು, ನಾಯಿಯಿಂದ ನಾಯಿಗೆ ಅಂಟುತ್ತ ಇವತ್ತಿಗೂ ಬದುಕಿವೆ. ಆ ನಾಯಿ ಮಣ್ಣಾಯಿತು, ಅದರ ಮಾಂಸ ಸಾಯಲಿಲ್ಲ. ಕೆಲವು ಚಿಪ್ಪುಜೀವಿಗಳಲ್ಲಿ ಇಂಥದೇ ರೋಗ ನೀರಿನಲ್ಲಿ ಹರಡುತ್ತದೆ. ಇದನ್ನು ನಾನು ಪ್ರತಿವರ್ಷ ವಿದ್ಯಾರ್ಥಿಗಳಿಗೆ ಪಾಠ ಮಾಡುತ್ತೇನೆ. ಮನುಷ್ಯನದೂ ಹಾಗೆ ಆದರೆ ಎಂದು ಯಾವನೋ ಹುಡುಗ ಕೇಳಿದಾಗ, ಪರೀಕ್ಷೆಗೆ ಬರೋದಿಲ್ಲ ಕೂತ್ಕೊ ಎಂದಿದ್ದೆ.

ಫಕ್ಕೀರಪ್ಪ ಮಾರನೇ ದಿನ ಬಂದರು. ಕೂರಿಸಿ ಕೇಳಿದೆ, ಮೈಮೇಲೆ ಯಾವತ್ತಾದರೂ ಗಂಟು, ಗಡ್ಡೆ ಆಗಿತ್ತೇ ಎಂದು. ಅವರು ಚಪ್ಪಲಿ ಬಿಟ್ಟು ಬಲ ಹಿಮ್ಮಡಿ ತೋರಿಸಿದರು. ಅಲ್ಲಿ ಹಳೇ ಗಾಯದ ಕುಳಿ ಇತ್ತು.

“ಹನ್ನೆರಡ್ ಹದಿಮೂರ್ ವರ್ಷಾತ್ರಿ. ಮಾಳಗಟ್ಟಿ ಕೆರ್‍ಯಾಗ ಜಿಗಣಿ ಹಿಡ್ಯಾಕ ಹೋಗಿದ್ನಿ. ಆಣಿ ಅಂತ ತಿಳದು ಬ್ಲೇಡಿಲೆ ಕೊಯ್ದ್ನಿ, ನೀರಾಗ ಒಗದ್ನಿ. ಯಾಕ್ರಿ?”

ಹೇಳಿದೆ. ನಾಯಿಯ ಕಥೆ, ಪೆಟ್ಟಿಗೆಯ ಉತ್ತರ, ಎಲ್ಲವನ್ನೂ. ಅವರು ಕತ್ತರಿಸಿ ಎಸೆದ ಮಾಂಸ ಸಾಯದೆ ನೀರಿನಲ್ಲಿ ಬದುಕುವುದನ್ನು ಕಲಿತಿದೆ, ಒಂದು ಎರಡಾಗಿ ಎರಡು ನಾಲ್ಕಾಗಿ ಒಡೆದಿದೆ. ಅವರು ಮಾಳಗಟ್ಟಿಯಿಂದ ಮಾದರಿ ತಂದಾಗಲೆಲ್ಲ ನಾವು ಕಲಬೆರಕೆ ಎಂದೆವು. ಉಳಿದದ್ದನ್ನು ಅವರು ದಯೆಯಿಂದ ಹೊಸಗೆರೆಗೆ ಬಿಟ್ಟರು. ಇನ್ನೂರ ಹನ್ನೆರಡು ಸಲ, ನನ್ನ ಸಹಿಯೊಂದಿಗೆ.

ಫಕ್ಕೀರಪ್ಪ ತಮ್ಮ ಎರಡೂ ಅಂಗೈ ಅಗಲಿಸಿ ನೋಡಿಕೊಂಡರು.

“ಅಂದ್ರ ಮೇಡಂ… ನನ್ನ ಕೈ ಸ್ವಚ್ಛ ಇದ್ದುವಲ್ರಿ?”

“ಇದ್ದುವು” ಎಂದೆ. ಕ್ಷಮೆ ಕೇಳಬೇಕಿತ್ತು, ಕೇಳಲಿಲ್ಲ. ಯಾಕೆಂದರೆ ಅಷ್ಟರಲ್ಲಿ ಅವರ ಹಿಮ್ಮಡಿಯ ಕುಳಿ ನೋಡುತ್ತ ನೋಡುತ್ತ ನನಗೆ ಇನ್ನೊಂದು ಹಿಮ್ಮಡಿಯ ನೆನಪಾಗಿತ್ತು.

ಮನೆಗೆ ಓಡಿದೆ. ಮಯೂರಿ ನೆಲದ ಮೇಲೆ ಕೂತು ಚಿತ್ರ ಬರೆಯುತ್ತಿದ್ದಳು. ಅತ್ತೆ ಹಚ್ಚಿದ ಸುಣ್ಣಬೆಲ್ಲ ಒಣಗಿತ್ತು. ಗಂಟು ಈಗ ಅಡಿಕೆಯಷ್ಟಾಗಿತ್ತು, ಮೊಣಕಾಲಿನ ಹಿಂದೆ ಇನ್ನೊಂದು ಎದ್ದಿತ್ತು. ಒಂದು ಕೈಯಲ್ಲಿ ಅವಳ ಮಣಿಕಟ್ಟಿನ ನಾಡಿ ಹಿಡಿದೆ, ಇನ್ನೊಂದು ಬೆರಳನ್ನು ಗಂಟಿನ ಮೇಲಿಟ್ಟೆ. ಗಂಟು ಮಿಡಿಯುತ್ತಿತ್ತು. ನಾಡಿಯ ಜೊತೆಗಲ್ಲ. ನಾಡಿ ಎರಡು ಸಲ ಬಡಿದರೆ ಅದು ಒಂದು ಸಲ, ನಿಧಾನವಾಗಿ, ಯಾರೋ ವಯಸ್ಸಾದವರ ಎದೆಬಡಿತದ ಹಾಗೆ.

“ಅಮ್ಮಾ, ಯಾಕ ಅಳಾಕತ್ತಿ?” ಎಂದಳು.

ಆಸ್ಪತ್ರೆಯಲ್ಲಿ ಗಂಟಿನಿಂದ ಚೂರು ತೆಗೆದು ಅವರ ಪೆಟ್ಟಿಗೆಗೆ ಹಾಕಿದರು. ಪ್ರಯೋಗಾಲಯದ ಹುಡುಗಿ ವರದಿ ಹಿಡಿದು ಹೊರಬಂದಳು. “ಮೇಡಂ, ಇದು ನಿಮ್ಮ ಮಗಳ ಮಾಂಸ ಅಲ್ಲ. ಬೇರೆ ಯಾರದೋ ಮನುಷ್ಯರದು ಬೆರೆತದ. ಕಲಬೆರಕೆ ಅಂತ ಬಂದದ. ನಮ್ಮವರು ಕೈ ಸರಿಯಾಗಿ ತೊಳ್ಕೊಂಡಿಲ್ಲ ಅನ್ನಿಸ್ತದ.”

ಮತ್ತೆ ತೆಗೆಸಿದೆ. ಮತ್ತೆ ಕಲಬೆರಕೆ. ಡಾಕ್ಟರ್ ಒಳ್ಳೆಯವರು, ವಿಷಯವನ್ನೆಲ್ಲ ಕೇಳಿಸಿಕೊಂಡರು. ಇಂಥ ಕೋಶಗಳನ್ನು ಕೊಲ್ಲುವ ಔಷಧಿ ಇದೆ, ಅದು ಎದುರಿನ ಕಪಾಟಿನಲ್ಲೇ ಇದೆ ಎಂದು ಕೈ ತೋರಿಸಿದರು. ಗಾಜಿನ ಹಿಂದೆ ಕಾಣುತ್ತಲೂ ಇತ್ತು.

“ಪೆಟ್ಟಿಗೆ ಹೆಸರು ಹೇಳದೆ ಕಪಾಟು ತೆರೆಯೋದಿಲ್ಲ ಮೇಡಂ. ನಿಮಗೇ ಗೊತ್ತು. ಕೊಯ್ದು ತೆಗೀಬಹುದು, ಆದರೆ ಈಗಾಗಲೇ ಎರಡನೇ ಕಡೆ ಹೋಗಿದೆ. ಎದೆಗೆ ಹೋಗೋದಕ್ಕೆ ಒಂದು ವಾರ ಸಾಕು.” ದಾಖಲೆ ತಿರುವಿ, “ಈ ವಾರ ಹಿಮ್ಮಡಿ ಗಂಟು ಅಂತ ಬಂದ ಮಕ್ಕಳಲ್ಲಿ ಇವಳು ಏಳನೆಯವಳು. ಎಲ್ಲರದೂ ಕಲಬೆರಕೆ ಅಂತಲೇ ಬಂತು. ನಮ್ಮ ಹುಡುಗಿಗೆ ನೋಟಿಸ್ ಕೊಟ್ಟಿದ್ದೆ” ಎಂದರು.

ಮಾಡಿದ್ದುಣ್ಣೋ ಮಹರಾಯ ಅಂತಾರಲ್ಲ, ಮಾಡಿದವಳು ನಾನು, ಉಣ್ಣುವವಳು ನನ್ನ ಮಗಳು.

ದಾರಿ ಒಂದೇ ಇತ್ತು, ಅದು ನನ್ನ ಕೈಯಲ್ಲೇ ಇತ್ತು. ದಾಖಲೆಪಟ್ಟಿಗೆ ಹೊಸ ಪ್ರಭೇದ ಸೇರಿಸುವ ಅಧಿಕಾರ ಇಡೀ ರಾಜ್ಯದಲ್ಲಿ ನಾಲ್ಕು ಜನರಿಗಿದೆ, ಅವರಲ್ಲಿ ನಾನೊಬ್ಬಳು. ಆ ಗುರುತಿನ ಎದುರು ‘ಉಗುರುಹುಳ’ ಎಂದು ಬರೆದರೆ ಸಂಜೆಯೊಳಗೆ ಎಲ್ಲ ಆಸ್ಪತ್ರೆಯ ಪೆಟ್ಟಿಗೆಗಳೂ ಆ ಗಂಟನ್ನು ಪರಜೀವಿ ಎಂದು ಓದುತ್ತವೆ, ಕಪಾಟು ತೆರೆಯುತ್ತದೆ. ಆದರೆ ಒಂದು ಗುರುತಿಗೆ ಒಂದೇ ಹೆಸರು. ಹುಳವನ್ನೂ ಫಕ್ಕೀರಪ್ಪನವರನ್ನೂ ಬೇರೆ ಮಾಡಿ ಹೇಳುವಂಥ ವ್ಯತ್ಯಾಸ ಅವರ ಜೀನುಗಳಲ್ಲಿ ಎಲ್ಲೋ ಆಳದಲ್ಲಿ ಇದ್ದೇ ಇದೆ, ಹದಿಮೂರು ವರ್ಷದಲ್ಲಿ ಹುಳ ಅಷ್ಟಾದರೂ ಬದಲಾಗಿರಲೇಬೇಕು. ಅದನ್ನು ಹುಡುಕಲು ಆರು ತಿಂಗಳು ಬೇಕು. ಅಲ್ಲಿಯತನಕ ಪೆಟ್ಟಿಗೆಯ ಲೆಕ್ಕದಲ್ಲಿ ಫಕ್ಕೀರಪ್ಪ ಮನುಷ್ಯರಲ್ಲ.

ಅವರು ಆಸ್ಪತ್ರೆಯ ಬೆಂಚಿನ ಮೇಲೆ ಬಂದು ಕೂತಿದ್ದರು, ಯಾರೂ ಕರೆಯದೆ. ನಾನು ಪಕ್ಕದಲ್ಲಿ ಕೂತು ಹೇಳಿದೆ. ಹೇಳುವಾಗ ಮೊದಲ ಸಲ ನನ್ನ ಬಾಯಿಂದ ‘ನೀವು’ ಬಂತು.

“ನೀವು ಬ್ಯಾಡ ಅಂದ್ರ ನಾ ಬರೆಯಂಗಿಲ್ಲ” ಎಂದೆ. ಸುಳ್ಳು. ಬೇಡ ಅಂದಿದ್ದರೂ ಬರೆಯುತ್ತಿದ್ದೆ. ನನ್ನೊಳಗಿನ ತಾಯಿ ಬರೆಯುತ್ತಿದ್ದಳು.

“ಕೂಸಿನ ಮೈಯಾಗ ಓಡ್ಯಾಡಾಕತ್ತಿದ್ದು ನನ್ನ ಮಾಂಸ ಐತಿ” ಎಂದರು ಅವರು. ತಲೆ ಎತ್ತಲಿಲ್ಲ. “ನಮ್ಮ ಕೊಟ್ಟಗೀ ಎಮ್ಮಿ ಮಂದೀ ಹೊಲ ಮೇದ್ರ ಯಾರ್ನ ಕೇಳೂದ್ರಿ? ಬರೀರಿ. ನನ್ನ ಹೆಸರು ಮಾತ್ರ ಆ ಹುಳಕ್ಕ ಇಡಬ್ಯಾಡ್ರಿ ಯವ್ವಾ. ಮೊಮ್ಮಕ್ಕಳು ಸಾಲಿಗೆ ಹೋಗತಾವ.”

ಹೊಸ ಪ್ರಭೇದ ದಾಖಲಾಗಲು ಮಾದರಿ ಜೀವಿಯೊಂದು ಬೇಕು. ಒಂದನ್ನು ಕೊಂದು ಸ್ಪಿರಿಟ್ಟಿನಲ್ಲಿಟ್ಟು, ಕೆಂಪು ಚೀಟಿ ಅಂಟಿಸಿ, ಇದೇ ಆ ಹೆಸರಿನ ಒಡೆಯ ಎಂದು ಕಾಪಾಡಬೇಕು. ಫಕ್ಕೀರಪ್ಪನವರೇ ಹಾಕುತ್ತೇನೆ ಎಂದರು. ಪೆಟ್ಟಿಗೆಯ ಕೋಣೆಯೊಳಗೆ ನಾನೇ ಅವರನ್ನು ಕರೆದುಕೊಂಡು ಹೋದೆ. ಅವರು ಹುಳವನ್ನು ಅಂಗೈ ಮೇಲೆ ಇಟ್ಟುಕೊಂಡು ನೋಡಿದರು. ಅದರ ಪುಟ್ಟ ಉಗುರನ್ನೂ ತಮ್ಮ ಹೆಬ್ಬೆರಳಿನ ಉಗುರನ್ನೂ ನೋಡಿದರು.

“ತಪ್ಪಾತಪಾ” ಎಂದರು. ಅಷ್ಟೇ ಹೇಳಿ ಬಾಟಲಿಗೆ ಬಿಟ್ಟರು. ಬಾಟಲಿಯಲ್ಲಿ ಅದು ಸ್ವಲ್ಪ ಹೊತ್ತು ಮಿಡಿದು ನಿಂತಿತು. ನಾನು ಹೆಸರು ಬರೆದು ಗುಂಡಿ ಒತ್ತಿದೆ.

ಸಂಜೆ ನಾಲ್ಕೂವರೆಗೆ ಕಪಾಟು ತೆರೆಯಿತು. ಔಷಧಿ ಕಠಿಣ. ಮಯೂರಿಯ ಕೂದಲುದುರಿತು, ತಿಂದದ್ದೆಲ್ಲ ವಾಂತಿಯಾಯಿತು. ಒಂಬತ್ತನೇ ದಿನ ಹಿಮ್ಮಡಿಯ ಮೇಲೆ ಬೆರಳಿಟ್ಟು ನೋಡಿದೆ. ಸುಮ್ಮನಿತ್ತು, ಆದರೂ ಔಷಧಿಯನ್ನು ವರ್ಷವಿಡೀ ನಿಲ್ಲಿಸುವಂತಿಲ್ಲ ಎಂದರು ಡಾಕ್ಟರ್. ಏಳು ಮಕ್ಕಳು ನಲವತ್ತಾದರು, ನಲವತ್ತರಲ್ಲಿ ಇಬ್ಬರು ಉಳಿಯಲಿಲ್ಲ. ಹೊಸಗೆರೆಗೆ ಬೇಲಿ ಹಾಕಿ ಸುಣ್ಣ, ಬ್ಲೀಚು ಸುರಿದರು. ಅದರ ನೀರು ಹರಿದುಹೋಗುವ ಹಳ್ಳಕ್ಕೆ ಬೇಲಿ ಹಾಕಲು ಬರುವುದಿಲ್ಲ. ಆ ಹಳ್ಳ ಎಲ್ಲೆಲ್ಲಿ ಹೋಗುತ್ತದೆ ಎಂದು ನಕಾಶೆ ನೋಡುವ ಧೈರ್ಯ ನನಗೆ ಇನ್ನೂ ಬಂದಿಲ್ಲ.

ಮೂರನೇ ತಿಂಗಳಲ್ಲಿ ಒಂದು ಬೆಳಿಗ್ಗೆ ಆಸ್ಪತ್ರೆಯಿಂದ ಫೋನ್ ಬಂತು. ಮಯೂರಿಯ ವಿಷಯವೇನೋ ಅಂದುಕೊಂಡೆ. ಅವಳ ವಿಷಯವಲ್ಲ. ಫಕ್ಕೀರಪ್ಪ ನಾಲ್ಕು ದಿನದಿಂದ ಜ್ವರದಲ್ಲಿ ಬೇಯುತ್ತಿದ್ದರು, ಮಗ ಕರೆತಂದಿದ್ದ. ರಕ್ತ ತೆಗೆದರು. ಜ್ವರಕ್ಕೆ ಕಾರಣ ಹುಡುಕುವ ಮೊದಲು ಪೆಟ್ಟಿಗೆ ರಕ್ತದ ಒಡೆಯ ಯಾರು ಎಂದು ಓದುತ್ತದೆ.

ನಾನು ಹೋದಾಗ ಅವರನ್ನು ವಾರ್ಡಿನೊಳಗೆ ತೆಗೆದುಕೊಂಡಿರಲಿಲ್ಲ. ಕಾರಿಡಾರಿನ ಸ್ಟ್ರೆಚರಿನ ಮೇಲೆ ಮಲಗಿದ್ದರು. ಪ್ರಯೋಗಾಲಯದ ಅದೇ ಹುಡುಗಿ ಮೂರನೇ ವರದಿ ಹಿಡಿದು ನಿಂತಿದ್ದಳು.

‘ಉಗುರುಹುಳ. ಮನುಷ್ಯನ ಅಂಶ ಇಲ್ಲ. ರೋಗಿಯ ಮಾದರಿ ಅಲ್ಲ. ನಾಶಪಡಿಸಿ.’

“ಇವರು ಮನುಷ್ಯರು! ನಾನು ಹೇಳ್ತೀನಿ, ಇವರು ಮನುಷ್ಯರು!” ಎಂದು ನಾನು ಕೂಗಿದೆ. ಕಾರಿಡಾರಿನ ಜನ ತಿರುಗಿ ನೋಡಿದರು. ಹುಡುಗಿ ಅಂಜುತ್ತ, “ಗೊತ್ತದ ಮೇಡಂ, ಕಣ್ಣಿಗೆ ಕಾಣಸ್ತದ. ಆದರ ಕಪಾಟು…” ಎಂದಳು. ಒಂದು ಹೆಜ್ಜೆ ಹಿಂದೆ ಸರಿದೇ ಅಂದಳು. ದಾಖಲೆಪಟ್ಟಿಯಿಂದ ಆ ಹೆಸರನ್ನು ನಾನು ತೆಗೆಯಬಹುದಿತ್ತು. ತೆಗೆದರೆ ಮೂವತ್ತೆಂಟು ಮಕ್ಕಳ ಔಷಧಿ ಆ ಕ್ಷಣವೇ ನಿಲ್ಲುತ್ತದೆ, ಮಯೂರಿಯದೂ. ನನ್ನ ಕೈ ಫೋನಿನ ಮೇಲೆ ಹೋಯಿತು, ಅಲ್ಲೇ ನಿಂತಿತು.

ಫಕ್ಕೀರಪ್ಪ ಕಣ್ಣು ತೆರೆದರು. ನನ್ನನ್ನು ಗುರುತಿಸಿದರೋ ಇಲ್ಲವೋ. ಹುಡುಗಿಯ ಕೈಯಲ್ಲಿದ್ದ ಕಾಗದ ನೋಡಿದರು, ಅವಳ ಮುಖ ನೋಡಿದರು. ಎರಡೂ ಅಂಗೈಗಳನ್ನು ಮೆಲ್ಲಗೆ ಎತ್ತಿ ಅವಳಿಗೆ ತೋರಿಸಿದರು.

“ತೊಳ್ಕೊಂಡೇ ಬಂದೀನವ್ವಾ” ಎಂದರು.